ಗೋಧಿ ಹೊಲದಲ್ಲಿ ಚಕ್ರ ಬರೆದವರು ಯಾರು?



ಪೈರು ನೆಲಕ್ಕೆ ಮಲಗುವುದನ್ನು ನೀವೆಲ್ಲ ನೋಡಿದ್ದೀರಿ. ರಾಗಿ ತೆನೆ ಕಟ್ಟಿರುತ್ತೆ. ಒಂದು ರಾತ್ರಿ ಜೋರು ಮಳೆ, ಗಾಳಿ. ಬೆಳಗ್ಗೆ ಹೋಗಿ ನೋಡಿದರೆ ಹೊಲದ ಒಂದು ಮೂಲೆ ಚಾಪೆ ಹಾಸಿದ ಹಾಗೆ ಬಿದ್ದಿರುತ್ತೆ. ಹೊಟ್ಟೆ ಉರಿಯುತ್ತೆ. ಆದರೆ ಆಶ್ಚರ್ಯ ಆಗುವುದಿಲ್ಲ. ಗಾಳಿ ಹೊಡೀತು, ಪೈರು ಬಿತ್ತು, ಅಷ್ಟೇ.

ಈಗ ಇನ್ನೊಂದು ಹೊಲ ನೆನೆಸಿಕೊಳ್ಳಿ. ಅಲ್ಲೂ ರಾತ್ರಿ ಕಳೆದು ಬೆಳಗಾಗಿದೆ. ಪೈರು ಬಿದ್ದಿದೆ. ಆದರೆ ಅಡ್ಡಾದಿಡ್ಡಿ ಬಿದ್ದಿಲ್ಲ. ದುಂಡಗೆ ಬಿದ್ದಿದೆ. ಬಳೆ ಇಟ್ಟು ಗೆರೆ ಎಳೆದ ಹಾಗಿದೆ ಅದರ ಅಂಚು. ಒಳಗಿನ ಪೈರೆಲ್ಲ ಒಂದೇ ಕಡೆಗೆ ಸುತ್ತಿಕೊಂಡು ಮಲಗಿದೆ. ಚಕ್ರದ ಹೊರಗೆ ಒಂದು ಕಡ್ಡಿಯೂ ಅಲುಗಿಲ್ಲ. ಒಳಗೆ ಹೋದವರ ಹೆಜ್ಜೆ ಗುರುತೂ ಕಾಣುವುದಿಲ್ಲ.

ಇದನ್ನು ನೋಡಿದರೆ ಯಾರಿಗಾದರೂ ಮೈ ಜುಂ ಅನ್ನದೇ ಇರುತ್ತಾ?

ಇಂಥ ಚಕ್ರಗಳು ಇಂಗ್ಲೆಂಡ್ ದೇಶದಲ್ಲಿ ಬಹಳ. ಅದರಲ್ಲೂ ದಕ್ಷಿಣದ ವಿಲ್ಟ್‌ಶೈರ್ ಎಂಬ ಜಿಲ್ಲೆಯಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ಕ್ರಾಪ್ ಸರ್ಕಲ್ ಅಂತಾರೆ. ಕ್ರಾಪ್ ಅಂದರೆ ಬೆಳೆ. ಸರ್ಕಲ್ ಅಂದರೆ ದುಂಡು, ಚಕ್ರ. ನಾವು ಇದನ್ನು ಪೈರಿನ ಚಕ್ರ ಅಂತ ಕರೆಯೋಣ.

ಆ ಊರು, ಆ ಹೊಲ

ವಿಲ್ಟ್‌ಶೈರ್ ಗುಡ್ಡಗಾಡು. ಆದರೆ ನಮ್ಮ ಕಡೆಯ ಬಂಡೆ ಗುಡ್ಡಗಳಲ್ಲ. ಅವು ಸೀಮೆಸುಣ್ಣದ ಕಲ್ಲಿನ ಗುಡ್ಡಗಳು. ಮೇಲೆ ಹುಲ್ಲು. ಹುಲ್ಲು ಕೆರೆದರೆ ಒಳಗೆ ಬೆಳ್ಳಗೆ. ಅಲ್ಲಿನ ಜನ ಹುಲ್ಲು ಕಿತ್ತು ಗುಡ್ಡದ ಮೈಮೇಲೆ ದೊಡ್ಡ ದೊಡ್ಡ ಬಿಳಿ ಕುದುರೆ ಚಿತ್ರ ಬರೆದಿದ್ದಾರೆ. ಆಲ್ಟನ್ ಬಾರ್ನ್ಸ್ ಎಂಬ ಊರಿನ ಕುದುರೆಯನ್ನು 1812ರಲ್ಲಿ ಬರೆದರು. ನೆಲವನ್ನೇ ಹಲಗೆ ಮಾಡಿಕೊಂಡು ಚಿತ್ರ ಬರೆಯುವ ಅಭ್ಯಾಸ ಆ ಸೀಮೆಗೆ ಹೊಸದಲ್ಲ. ಈ ಮಾತು ನೆನಪಿರಲಿ.

ಗುಡ್ಡದ ಕೆಳಗೆ ದೊಡ್ಡ ದೊಡ್ಡ ಹೊಲಗಳು. ಎಕರೆಗಟ್ಟಲೆ ಒಂದೇ ಬೆಳೆ. ನಡುವೆ ಬದು ಕಡಿಮೆ. ವಸಂತದಲ್ಲಿ ಸಾಸಿವೆ ಜಾತಿಯ ಹಳದಿ ಹೂವಿನ ಬೆಳೆ. ಆಮೇಲೆ ಬಾರ್ಲಿ. ಜುಲೈ, ಆಗಸ್ಟ್‌ನಲ್ಲಿ ಗೋಧಿ. ಚಕ್ರಗಳು ಕಾಣಿಸುವುದೂ ಈ ತಿಂಗಳುಗಳಲ್ಲೇ. ಹತ್ತಿರದಲ್ಲೇ ಸ್ಟೋನ್‌ಹೆಂಜ್ ಇದೆ. ಸಾವಿರಾರು ವರ್ಷ ಹಿಂದೆ ಜನ ದುಂಡಗೆ ನಿಲ್ಲಿಸಿದ ದೈತ್ಯ ಕಲ್ಲುಗಳು ಅವು. ಅವನ್ನು ನೋಡಲು ದೇಶ ದೇಶದಿಂದ ಜನ ಬರುತ್ತಾರೆ. ಹೀಗೆ ನೋಡುವ ಕಣ್ಣಿಗೆ ಅಲ್ಲಿ ಬರವಿಲ್ಲ.

ಜನ ಏನೇನು ಹೇಳಿದರು?

1980ರ ನಂತರ ಪತ್ರಿಕೆಗಳಲ್ಲಿ ಈ ಚಕ್ರಗಳ ಸುದ್ದಿ ಬರತೊಡಗಿತು. ಮೊದಮೊದಲು ಬರೀ ದುಂಡು. ಆಮೇಲೆ ದುಂಡಿನ ಸುತ್ತ ಉಂಗುರ. ಆಮೇಲೆ ದುಂಡುಗಳನ್ನು ಜೋಡಿಸುವ ಗೆರೆ. ವರ್ಷ ಕಳೆದ ಹಾಗೆ ಚಿತ್ರ ದೊಡ್ಡದಾಯಿತು.

ಟೆರೆನ್ಸ್ ಮೀಡೆನ್ ಎಂಬ ಹವಾಮಾನದ ವಿದ್ವಾಂಸರು ಇದು ಗಾಳಿಯ ಕೆಲಸ ಅಂದರು. ಗುಡ್ಡದ ಮರೆಯಲ್ಲಿ ಒಂದು ಬಗೆಯ ಸುಂಟರಗಾಳಿ ಏಳುತ್ತೆ, ಅದು ಪೈರನ್ನು ಸುತ್ತಿ ಮಲಗಿಸುತ್ತೆ ಅಂತ ಅವರ ವಾದ. ಕೇಳಲು ಸರಿಯಾಗಿಯೇ ಇತ್ತು.

ಇನ್ನು ಕೆಲವರು, ಇದು ಆಕಾಶದ ಬೇರೆ ಲೋಕದವರ ಗುರುತು ಅಂದರು. ಹಾರುವ ತಟ್ಟೆಯಲ್ಲಿ ಬಂದು ಇಳಿದು ಹೋಗಿದ್ದಾರೆ ಅಂದರು. ಭೂಮಿತಾಯಿ ನಮಗೆ ಏನೋ ಹೇಳುತ್ತಿದ್ದಾಳೆ ಅಂದವರೂ ಉಂಟು. ಪ್ಯಾಟ್ ಡೆಲ್ಗಾಡೊ ಎಂಬ ನಿವೃತ್ತ ಎಂಜಿನಿಯರ್ ಗೆಳೆಯರೊಬ್ಬರ ಜೊತೆ ಸೇರಿ 1989ರಲ್ಲಿ ಇದರ ಮೇಲೆ ಪುಸ್ತಕ ಬರೆದರು. ತುಂಬ ಫೋಟೋಗಳಿದ್ದ ಆ ಪುಸ್ತಕ ಬಿಸಿ ದೋಸೆಯ ಹಾಗೆ ಖರ್ಚಾಯಿತು.

ಹಳೆಯ ಕಥೆಯೊಂದನ್ನೂ ಹುಡುಕಿ ತೆಗೆದರು. ಅದು 1678ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯ ಬಗ್ಗೆ ಅಚ್ಚಾದ ಒಂದು ಕರಪತ್ರ. ಕಥೆ ಹೀಗಿದೆ. ಒಬ್ಬ ಸಾಹುಕಾರ ರೈತ ಓಟ್ಸ್ ಬೆಳೆದಿದ್ದ. ಅದೂ ಒಂದು ಧಾನ್ಯ. ಕೊಯ್ಲಿಗೆ ಬಡ ಕೂಲಿಯವನನ್ನು ಕರೆದ. ಕೂಲಿಯವನು ಕೇಳಿದ ಹಣ ಜಾಸ್ತಿ ಅಂತ ಜಗಳ ತೆಗೆದ. "ನಿನಗೆ ಕೊಡುವುದಕ್ಕಿಂತ ಸೈತಾನನೇ ಬಂದು ಕೊಯ್ಯಲಿ" ಅಂತ ಬೈದ. ಆ ರಾತ್ರಿ ಹೊಲ ಉರಿಯುವ ಹಾಗೆ ಕಾಣಿಸಿತಂತೆ. ಬೆಳಗ್ಗೆ ನೋಡಿದರೆ ಪೈರೆಲ್ಲ ದುಂಡು ದುಂಡಾಗಿ ಕೊಯ್ದಿತ್ತಂತೆ. ಹೆದರಿದ ರೈತ ಅದನ್ನು ಮನೆಗೆ ಸಾಗಿಸಲೇ ಇಲ್ಲವಂತೆ.

ಇದು ಪೈರಿನ ಚಕ್ರದ ಹಳೆಯ ಸಾಕ್ಷಿ ಅಂತ ಹಲವರು ಹೇಳುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಪೈರು ಕೊಯ್ದಿದೆ, ಇಲ್ಲಿ ಪೈರು ಬಾಗಿದೆ. ಎರಡೂ ಬೇರೆ. ಕೂಲಿ ಜಗಳದ ಕಥೆ ಅಂತ ಓದಿದರೆ ಅದು ಚೆನ್ನಾಗಿಯೇ ಇದೆ. ಆ ರಾತ್ರಿ ಆ ಕೂಲಿಯವನು ಎಲ್ಲಿದ್ದ ಅಂತ ಮಾತ್ರ ಯಾರೂ ಕೇಳಿದ ಹಾಗಿಲ್ಲ!

ಮೀಟರ್ ನೋಡಿದ ಹೆಂಡತಿ

ಗಾಳಿ ಅಂದವರು ಯಂತ್ರ ತಂದರು. ಬೇರೆ ಲೋಕದವರು ಅಂದವರು ಕ್ಯಾಮೆರಾ ತಂದರು. ಆದರೆ ಗುಟ್ಟಿನ ಎಳೆ ಸಿಕ್ಕಿದ್ದು ಒಬ್ಬ ಗೃಹಿಣಿಗೆ.

ಸೌತಾಂಪ್ಟನ್ ಎಂಬ ಊರಿನಲ್ಲಿ ಡಗ್ ಬೋವರ್ ಅಂತ ಒಬ್ಬರಿದ್ದರು. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವರದು. ಅವರು ರಾತ್ರಿ ಕಾರು ತೆಗೆದುಕೊಂಡು ಹೋಗುತ್ತಿದ್ದರು. ತಡವಾಗಿ ಬರುತ್ತಿದ್ದರು. ಕಾರು ಎಷ್ಟು ದೂರ ಓಡಿದೆ ಅಂತ ತೋರಿಸುವ ಮೀಟರ್ ಇರುತ್ತಲ್ಲ, ಹೆಂಡತಿ ಅದನ್ನು ನೋಡಿದರು. ಅಂಕಿ ಲೆಕ್ಕ ಹಾಕಿದರು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಇಷ್ಟು ದೂರ ಆಗುವುದಿಲ್ಲವಲ್ಲ! ಗಂಡ ಬೇರೆ ಹೆಣ್ಣಿನ ಸಹವಾಸ ಮಾಡಿದ್ದಾರೆ ಅಂತ ಅವರಿಗೆ ಅನುಮಾನ ಬಂತು.

ಗಂಡ ಬಾಯಿ ಬಿಡಲೇಬೇಕಾಯಿತು. "ಬೇರೆ ಹೆಣ್ಣೂ ಇಲ್ಲ, ಮಣ್ಣೂ ಇಲ್ಲ. ನಾನೂ ಡೇವ್ ಚೋರ್ಲಿಯೂ ಹೊಲದಲ್ಲಿ ಚಕ್ರ ಮಾಡುತ್ತಿದ್ದೇವೆ" ಅನ್ನುವುದೇ ಅವರ ಉತ್ತರದ ತಿರುಳು.

ಸ್ನೇಹಿತರಿಬ್ಬರಿಗೂ ಚಿತ್ರ ಬರೆಯುವ ಹುಚ್ಚು. ಸಂಜೆ ಪಬ್ಬಿನಲ್ಲಿ ಸೇರಿ ಮಾತಾಡುತ್ತಿದ್ದರು. ಪಬ್ಬು ಅಂದರೆ ಅಲ್ಲಿನ ಜನ ಕೂತು ಬೀರು ಕುಡಿಯುವ ಜಾಗ. ಬೋವರ್ ಹಿಂದೆ ಕೆಲವು ವರ್ಷ ಆಸ್ಟ್ರೇಲಿಯ ದೇಶದಲ್ಲಿ ಇದ್ದವರು. ಅಲ್ಲಿ ಟಲ್ಲಿ ಎಂಬ ಊರಿನ ಬಾಳೆ ರೈತನೊಬ್ಬ 1966ರಲ್ಲಿ ಜೌಗು ನೆಲದಿಂದ ಹಾರುವ ತಟ್ಟೆ ಎದ್ದದ್ದನ್ನು ಕಂಡೆ ಅಂದಿದ್ದ. ಅಲ್ಲಿ ಜೊಂಡು ದುಂಡಗೆ ಬಿದ್ದಿತ್ತು. ಆ ಸುದ್ದಿ ಬೋವರ್ ತಲೆಯಲ್ಲಿ ಉಳಿದಿತ್ತು. "ಇಲ್ಲೂ ಒಂದು ಮಾಡಿದರೆ ಹೇಗೆ? ಹಾರುವ ತಟ್ಟೆ ಇಳಿಯಿತು ಅಂತ ಜನ ಅನ್ನಲಿ" ಅಂದುಕೊಂಡರು. 1970ರ ದಶಕದ ಕೊನೆಗೆ ಶುರು ಮಾಡಿದರು. ಮೊದಲು ಯಾರೂ ಗಮನಿಸಲೇ ಇಲ್ಲ. ಆಮೇಲೆ ರಸ್ತೆಯಿಂದ ಚೆನ್ನಾಗಿ ಕಾಣುವ ತಗ್ಗು ಹೊಲ ಹುಡುಕಿದರು. ಆಗ ಸುದ್ದಿಯೋ ಸುದ್ದಿ. ವರ್ಷಕ್ಕೆ 25-30 ಚಕ್ರ ಮಾಡುತ್ತಿದ್ದೆವು ಅಂತ ಅವರೇ ಹೇಳಿದ್ದಾರೆ. ಗಾಳಿಯ ವಾದ ಕೇಳಿದ ಮೇಲೆ ಬೇಕಂತಲೇ ನೆಟ್ಟಗಿನ ಗೆರೆಗಳನ್ನೂ ಸೇರಿಸಿದರು. ಸುಂಟರಗಾಳಿ ನೆಟ್ಟಗೆ ಗೆರೆ ಎಳೆಯುತ್ತಾ?

1991ರ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಟುಡೇ ಎಂಬ ಪತ್ರಿಕೆಗೆ ಎಲ್ಲ ಹೇಳಿದರು. ಆಗ ಬೋವರ್‌ಗೆ 67 ವರ್ಷ, ಚೋರ್ಲಿಗೆ 62. ಪತ್ರಿಕೆಯವರು ಒಂದು ಉಪಾಯ ಮಾಡಿದರು. ಇಬ್ಬರಿಂದಲೂ ಒಂದು ಹೊಸ ಚಕ್ರ ಮಾಡಿಸಿದರು. ಡೆಲ್ಗಾಡೊ ಅವರನ್ನು ಕರೆಸಿ ತೋರಿಸಿದರು. ಅವರು ನೋಡಿದರು. ಇದು ಮನುಷ್ಯರ ಕೆಲಸವಲ್ಲ, ಅಸಲಿಯೇ ಅಂದರು. ಆಮೇಲೆ ನಿಜ ತಿಳಿಸಿದರು. ಪಾಪ, ಮೋಸ ಹೋದೆ ಅಂತ ಅವರು ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವುದಕ್ಕೂ ಗಟ್ಟಿ ಮನಸ್ಸು ಬೇಕು. ಒಪ್ಪದವರು ಇಂದಿಗೂ ಇದ್ದಾರೆ. "ಕೆಲವು ಅವರು ಮಾಡಿರಬಹುದು, ಎಲ್ಲವನ್ನೂ ಮಾಡಿಲ್ಲ" ಅಂತಾರೆ. ಅದು ನಿಜವೇ. ಇವರನ್ನು ನೋಡಿ ಕಲಿತ ಬೇರೆ ಹುಡುಗರೂ ಮಾಡುತ್ತಿದ್ದರು.

ಹೇಗೆ ಮಾಡುತ್ತಾರೆ?

ಬೇಕಾದ್ದು ಒಂದು ಹಲಗೆ, ಒಂದು ಹಗ್ಗ, ಇಬ್ಬರು ಜನ.

ಕಣದಲ್ಲಿ ಮೇಟಿಕಂಬದ ಸುತ್ತ ಎತ್ತು ತಿರುಗುವುದನ್ನು ನೆನೆಸಿಕೊಳ್ಳಿ. ಹಗ್ಗ ಬಿಗಿಯಾಗಿದ್ದರೆ ಎತ್ತು ಬೇಡ ಅಂದರೂ ದುಂಡಗೇ ತಿರುಗಬೇಕು. ಇಲ್ಲೂ ಅಷ್ಟೇ. ಒಬ್ಬರು ನಡುವೆ ಹಗ್ಗ ಹಿಡಿದು ನಿಲ್ಲುತ್ತಾರೆ. ಇನ್ನೊಬ್ಬರು ಹಗ್ಗದ ತುದಿ ಹಿಡಿದು ಸುತ್ತು ಬರುತ್ತಾರೆ. ಹೊರಗಿನ ಅಂಚು ಬಿತ್ತು. ಒಳಗಿನ ಪೈರನ್ನು ಮಲಗಿಸಲು ಹಲಗೆ. ಹಲಗೆಯ ಎರಡು ತುದಿಗೆ ಹಗ್ಗ ಕಟ್ಟಿ ಜೋಲಿ ಮಾಡಿ ಕೈಯಲ್ಲಿ ಹಿಡಿಯುತ್ತಾರೆ. ಹಲಗೆಯ ಮೇಲೆ ಕಾಲಿಟ್ಟು ತುಳಿಯುತ್ತಾ ಹೋಗುತ್ತಾರೆ. ಪೈರು ಸಾಲಾಗಿ ಮಲಗುತ್ತೆ.

ನೆಟ್ಟಗೆ ಗೆರೆ ಎಳೆಯಲು ಬೋವರ್ ಒಂದು ಟೋಪಿ ಮಾಡಿಕೊಂಡಿದ್ದರು. ಟೋಪಿಯ ಮುಂದೆ ತಂತಿಯ ಸಣ್ಣ ಉಂಗುರ ಕಣ್ಣಿಗೆ ನೇರ ಜೋತು ಬೀಳುತ್ತಿತ್ತು. ಅದರೊಳಗಿಂದ ದೂರದ ಒಂದು ಗುರುತು ನೋಡುತ್ತಾ ನಡೆಯುವುದು. ನೇಗಿಲು ಹಿಡಿದವರು ಎದುರಿನ ಮರ ನೋಡಿಕೊಂಡು ಸಾಲು ಹೊಡೆಯುವುದಿಲ್ಲವೇ? ಅದೇ ಲೆಕ್ಕ.

ಹಾಗಾದರೆ ಹೆಜ್ಜೆ ಗುರುತು ಯಾಕಿಲ್ಲ? ಆ ದೊಡ್ಡ ಹೊಲಗಳಿಗೆ ಔಷಧಿ, ಗೊಬ್ಬರ ಹಾಕಲು ಟ್ರ್ಯಾಕ್ಟರ್ ಹೋಗುತ್ತೆ. ಅದರ ಗಾಲಿಗೆಂದು ಬಿಟ್ಟ ಜಾಡು ಹೊಲದ ಉದ್ದಕ್ಕೂ ಇರುತ್ತೆ. ಆ ಜಾಡಿನಲ್ಲಿ ನಡೆದರೆ ಒಂದು ತೆನೆಯೂ ಅಲುಗುವುದಿಲ್ಲ. ಫೋಟೋದಲ್ಲಿ ನೋಡಿ. ಚಕ್ರದ ಮೂಲಕ ಹಾದು ಹೋಗುವ ಜೋಡಿ ಗೆರೆಗಳು ಕಾಣುತ್ತವೆ. ಅವೇ ಆ ಜಾಡು.

ಕಡ್ಡಿ ಮುರಿಯದೆ ಬಾಗಿದ್ದು ಹೇಗೆ? ಅದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಹಸಿ ಕಡ್ಡಿ ಬಾಗುತ್ತೆ, ಒಣ ಕಡ್ಡಿ ಮುರಿಯುತ್ತೆ. ಜೂನ್‌ನಲ್ಲಿ ಪೈರು ಹಸಿ. ಇನ್ನೊಂದು ಮಾತೂ ಕೆಲವರು ಹೇಳುತ್ತಾರೆ. ಚಕ್ರದ ಒಳಗಿನ ಕಡ್ಡಿಯ ಗೆಣ್ಣು ಒಂದು ಕಡೆ ಉಬ್ಬಿ ಬಾಗಿರುತ್ತೆ, ಇದು ಯಾವುದೋ ಶಕ್ತಿ ಅಂತಾರೆ. ಬಿದ್ದ ಪೈರು ಎರಡು ಮೂರು ದಿನದಲ್ಲಿ ತಲೆ ಎತ್ತಲು ನೋಡುತ್ತಲ್ಲ, ಆಗ ಗೆಣ್ಣಿನ ಕೆಳಭಾಗ ಬೆಳೆದು ಕಡ್ಡಿಯನ್ನು ಮೇಲಕ್ಕೆ ಬಗ್ಗಿಸುತ್ತೆ. ಮಳೆಗೆ ಬಿದ್ದ ಪೈರಿನಲ್ಲೂ ಇದನ್ನು ನೋಡಬಹುದು.

ಫೋಟೋ ತೆಗೆಯುವವರು

ಚಕ್ರದ ಒಳಗೆ ನಿಂತರೆ ಚಿತ್ರ ಕಾಣುವುದಿಲ್ಲ. ಬಿದ್ದ ಪೈರು ಕಾಣುತ್ತೆ, ಅಷ್ಟೇ. ಚಿತ್ರ ಕಾಣಬೇಕಾದರೆ ಮೇಲೆ ಹೋಗಬೇಕು. ಅದಕ್ಕೇ ಮೊದಲು ಗುಡ್ಡ ಹತ್ತಿದರು. ಉದ್ದನೆಯ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ ಎತ್ತಿ ಹಿಡಿದರು. ಸಣ್ಣ ವಿಮಾನದಲ್ಲಿ ಹಾರಿ ಫೋಟೋ ತೆಗೆದರು. ಈಗ ಡ್ರೋನ್ ಬಂದಿದೆ. ಡ್ರೋನ್ ಅಂದರೆ ಮದುವೆ ಮನೆಯಲ್ಲಿ ತಲೆ ಮೇಲೆ ಗುಂಯ್ ಅಂತ ಹಾರುವ ಕ್ಯಾಮೆರಾ.

ಪೈರು ಅದೇ, ಬಣ್ಣವೂ ಅದೇ. ಮೇಲಿನಿಂದ ನೋಡಿದರೆ ಚಿತ್ರ ಹೇಗೆ ಎದ್ದು ಕಾಣುತ್ತೆ? ಎಣ್ಣೆ ಹಚ್ಚಿ ಬಾಚಿದ ಕೂದಲು ನೋಡಿ. ಬೈತಲೆಯ ಒಂದು ಕಡೆ ಮಿರಮಿರ, ಇನ್ನೊಂದು ಕಡೆ ಕಪ್ಪು. ಕೂದಲು ಮಲಗಿದ ದಿಕ್ಕು ಬೇರೆ, ಬೆಳಕು ಹೊಳೆಯುವುದೂ ಬೇರೆ. ಪೈರೂ ಹಾಗೇ. ಒಂದು ಕಡೆಗೆ ಮಲಗಿದ್ದು ಹೊಳೆಯುತ್ತೆ, ಇನ್ನೊಂದು ಕಡೆಗೆ ಮಲಗಿದ್ದು ಮಂಕಾಗುತ್ತೆ. ನಿಂತ ಪೈರಿನ ನೆರಳೂ ಅಂಚಿಗೆ ಬೀಳುತ್ತೆ. ಬೆಳಗ್ಗೆ, ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆದರೆ ಫೋಟೋ ಚೆನ್ನ. ನಡು ಮಧ್ಯಾಹ್ನ ತೆಗೆದರೆ ಚಪ್ಪಟೆ. ಅಳತೆ ಗೊತ್ತಾಗಲು ಚಿತ್ರದಲ್ಲಿ ಒಬ್ಬ ಮನುಷ್ಯನೋ ಒಂದು ಗಾಡಿಯೋ ಇರಬೇಕು. ಇಲ್ಲದಿದ್ದರೆ ಅಂಗೈಯಗಲ ಯಾವುದು, ಅಂಗಳದಗಲ ಯಾವುದು ತಿಳಿಯುವುದಿಲ್ಲ.

2001ರ ಆಗಸ್ಟ್‌ನಲ್ಲಿ ವಿಲ್ಟ್‌ಶೈರಿನ ಮಿಲ್ಕ್ ಹಿಲ್ ಎಂಬ ಗುಡ್ಡದ ಮೇಲಿನ ಹೊಲದಲ್ಲಿ ಒಂದು ಚಿತ್ರ ಕಾಣಿಸಿತು. ಅದರಲ್ಲಿ 409 ಚಕ್ರಗಳು! ಆ ತುದಿಯಿಂದ ಈ ತುದಿಗೆ ಸುಮಾರು 240 ಮೀಟರ್. ಅದರ ಫೋಟೋ ಜಗತ್ತೆಲ್ಲ ಸುತ್ತಿತು. ನಮಗೂ ಅದು ಇಷ್ಟ. ಅಂಥ ಚೆಂದದ ಕೆಲಸ. ಮನುಷ್ಯರ ಕೈಯಲ್ಲಿ ಇದು ಆಗದು ಅಂತ ಜನ ಹೇಳುವಾಗ ಮಾತ್ರ ನಮಗೆ ಬೇಜಾರು. ಎಳೆ ತಪ್ಪದೆ ಚುಕ್ಕಿ ಸೇರಿಸಿ ಅಂಗಳ ತುಂಬ ರಂಗೋಲಿ ಹಾಕುವವರ ಮುಂದೆ ಆ ಮಾತು ನಿಲ್ಲುತ್ತಾ?

ಆಕಾಶದ ಫೋಟೋ ಚಂದ ತೋರಿಸುತ್ತೆ. ಆದರೆ ಕೆಸರು ತೋರಿಸುವುದಿಲ್ಲ. ಯಾರು ಮಾಡಿದರು ಅಂತ ತಿಳಿಯಲು ನೆಲಕ್ಕೆ ಬಗ್ಗಿ ನೋಡಬೇಕು. ಬಲ್ಲವರು ನೋಡುವುದು ಹೀಗೆ. ಯಾವ ಕಡ್ಡಿಯ ಮೇಲೆ ಯಾವ ಕಡ್ಡಿ ಬಿದ್ದಿದೆ? ಕೆಳಗಿರುವುದು ಮೊದಲು ಬಿದ್ದದ್ದು, ಮೇಲಿರುವುದು ಆಮೇಲೆ ಬಿದ್ದದ್ದು. ಜಡೆ ಬಿಚ್ಚಿ ನೋಡಿದರೆ ಹೆಣೆದ ಕ್ರಮ ತಿಳಿಯುವ ಹಾಗೆ. ಬಿದ್ದ ಪೈರಿನ ಅಡಿಯಲ್ಲಿ ಸಣ್ಣ ಕಾಲುದಾರಿ ಇದೆಯಾ? ಅದು ಅಳತೆಗೆಂದು ಮೊದಲು ನಡೆದ ಗೆರೆ. ಕಡ್ಡಿಗಳ ಮೇಲೆ ಮಣ್ಣು ಮೆತ್ತಿದೆಯಾ? ಚಕ್ರದ ನಡುವೆ ಗೂಟ ನೆಟ್ಟ ತೂತು ಇದೆಯಾ? ಇದನ್ನೆಲ್ಲ ಮೊದಲ ದಿನವೇ ನೋಡಿ ಫೋಟೋ ತೆಗೆಯಬೇಕು. ಎರಡು ದಿನ ಬಿಟ್ಟು ಹೋದರೆ ನೋಡಲು ಬಂದವರು ತುಳಿದು ಎಲ್ಲ ಅಳಿಸಿರುತ್ತಾರೆ.

1990ರ ಜುಲೈನಲ್ಲಿ ಬ್ರ್ಯಾಟನ್ ಎಂಬ ಊರ ಹತ್ತಿರ ದೊಡ್ಡ ಕಾವಲು ಹಾಕಿದ್ದರು. ಇಂಗ್ಲೆಂಡಿನ ಬಿಬಿಸಿ, ಜಪಾನಿನ ಟಿವಿ, ರಾತ್ರಿಯಲ್ಲೂ ಕಾಣುವ ಕ್ಯಾಮೆರಾಗಳು. ಒಂದು ಬೆಳಗ್ಗೆ ಚಕ್ರಗಳು ಕಂಡವು. ಸಿಕ್ಕಿತು ಸಾಕ್ಷಿ ಅಂತ ಎಲ್ಲ ಕುಣಿದರು. ಹತ್ತಿರ ಹೋಗಿ ನೋಡಿದರೆ ಚಕ್ರದ ನಡುವೆ ಮಕ್ಕಳಾಡುವ ಮಣೆಯಾಟದ ಹಲಗೆ, ಮರದ ಶಿಲುಬೆ! ಯಾರೋ ತಮಾಷೆ ಮಾಡಿ ಹೋಗಿದ್ದರು.

ನಷ್ಟ ಯಾರದ್ದು?

ಇಷ್ಟು ಹೊತ್ತು ನಾವೂ ನಗುತ್ತಾ ಬಂದೆವು. ಆದರೆ ಆ ಹೊಲಕ್ಕೆ ಒಡೆಯ ಇದ್ದಾನೆ. ಬೀಜ ಹಾಕಿದ್ದಾನೆ, ಗೊಬ್ಬರ ಹಾಕಿದ್ದಾನೆ. ರಾತ್ರಿ ಬಂದವರು ಅವನನ್ನು ಕೇಳಿ ಮಾಡಿದ್ದಲ್ಲ.

ಚಕ್ರ ಮಾಡಿದ್ದರಿಂದ ಆಗುವ ನಷ್ಟ ಒಂದು ಪಾಲು. ನೋಡಲು ಬರುವವರಿಂದ ಆಗುವ ನಷ್ಟ ದೊಡ್ಡ ಪಾಲು. 1992ರಲ್ಲಿ ಹಂಗೇರಿ ದೇಶದಲ್ಲಿ ಕೃಷಿ ಶಾಲೆಯ ಇಬ್ಬರು ಹುಡುಗರು 36 ಮೀಟರ್ ಅಗಲದ ಚಕ್ರ ಮಾಡಿದರು. ಇಬ್ಬರಿಗೂ 17 ವರ್ಷ. ಹೊಲದವರು ಕೋರ್ಟಿಗೆ ಹೋದರು. ಚಕ್ರದೊಳಗಿನ ಪೈರಿಗೆ ಮಾತ್ರ ಹುಡುಗರು ಹೊಣೆ, ಉಳಿದ ನಷ್ಟವೆಲ್ಲ ಸುದ್ದಿ ಕೇಳಿ ನುಗ್ಗಿದ ಸಾವಿರಾರು ಜನ ಮಾಡಿದ್ದು ಅಂತ ಕೋರ್ಟು ಹೇಳಿತು. ಇಂಗ್ಲೆಂಡಿನಲ್ಲೂ 2000ದಲ್ಲಿ ಚಕ್ರ ಮಾಡಿದ ಒಬ್ಬನಿಗೆ ಕೋರ್ಟು 100 ಪೌಂಡ್ ದಂಡ ಹಾಕಿತು. ಪೌಂಡ್ ಅಂದರೆ ಅಲ್ಲಿನ ಹಣ. ಅದಕ್ಕೇ ಮಾಡಿದವರು ಹೆಚ್ಚಾಗಿ ಹೆಸರು ಹೇಳುವುದಿಲ್ಲ. ಹೆಸರು ಹೇಳದ್ದರಿಂದ ಬೇರೆ ಲೋಕದವರ ಕಥೆಗೆ ಇನ್ನಷ್ಟು ರೆಕ್ಕೆ.

ಕೆಲವು ರೈತರು ಜಾಣರು. ಹೊಲದ ಬಾಗಿಲಲ್ಲಿ ಹುಂಡಿ ಇಟ್ಟರು. ನೋಡುವವರು ಕಾಸು ಹಾಕಿ ಒಳಗೆ ಹೋಗಬೇಕು. 1990ರಲ್ಲಿ ಆಲ್ಟನ್ ಬಾರ್ನ್ಸ್‌ನ ಹೊಲದಲ್ಲಿ ಉದ್ದನೆಯ ಚಿತ್ರ ಕಂಡಾಗ ಅಲ್ಲಿನ ರೈತ ಹಾಗೇ ಹಣ ತೆಗೆದುಕೊಂಡರು. ಇನ್ನು ಕೆಲವರು ಬೇಸತ್ತು ಚಿತ್ರ ಕಂಡ ದಿನವೇ ಯಂತ್ರ ತಂದು ಅಷ್ಟು ಭಾಗ ಕೊಯ್ದು ಹಾಕುತ್ತಾರೆ. ಚಿತ್ರ ಇಲ್ಲದಿದ್ದರೆ ಜನವೂ ಬರುವುದಿಲ್ಲ. ಒಂದಿಷ್ಟು ಗೋಧಿ ಹೋದರೂ ಉಳಿದದ್ದು ಉಳಿಯುತ್ತೆ. ಫೋಟೋದವರಿಗೆ ಕೋಪ ಬರುತ್ತೆ. ನಾವು ರೈತರ ಕಡೆ.

ಒಳ್ಳೆಯ ಫೋಟೋದವರು ಮೊದಲು ಮನೆಗೆ ಹೋಗಿ ಕೇಳುತ್ತಾರೆ. ಗಾಲಿ ಜಾಡಿನಲ್ಲೇ ನಡೆಯುತ್ತಾರೆ. ನಿಂತ ಪೈರನ್ನು ತುಳಿಯುವುದಿಲ್ಲ. ಹೊಲದ ಬಾಗಿಲು ಹಾಕಿ ಬರುತ್ತಾರೆ, ದನ ನುಗ್ಗಬಾರದಲ್ಲ.

ಚೋರ್ಲಿ 1996ರಲ್ಲಿ ತೀರಿಕೊಂಡರು, ಬೋವರ್ 2018ರಲ್ಲಿ. ಅವರು ಬಿಟ್ಟ ಕೆಲಸ ನಿಂತಿಲ್ಲ. ಬೇಸಿಗೆ ಬಂದರೆ ಚಕ್ರಗಳು ಬರುತ್ತಲೇ ಇವೆ.

ಆಗಸ್ಟ್‌ನಲ್ಲಿ ಕಟಾವು. ಯಂತ್ರದ ಅಲಗು ನೆಲದಿಂದ ಮೇಲೆ ಹಾದು ಹೋಗುತ್ತೆ. ನೆಲಕ್ಕೆ ಒತ್ತಿ ಮಲಗಿದ ತೆನೆ ಅಲಗಿಗೆ ಸರಿಯಾಗಿ ಸಿಗುವುದಿಲ್ಲ. ಕಾಳು ಅಲ್ಲೇ ಉದುರುತ್ತೆ. ಆಮೇಲೆ ಮಳೆ ಬಂದರೆ ಆ ಕಾಳು ಮೊಳೆಯುತ್ತೆ. ಆಗ ಬೋಳು ಹೊಲದ ನಡುವೆ, ಚಕ್ರ ಇದ್ದ ಜಾಗದಲ್ಲಿ, ದುಂಡಗೆ ಹಸಿರು ಪೈರು ಏಳುತ್ತೆ.